ಇಲ್ಲಿ ಯಾರಾದರೂ ಬರ್ತಾರಾ?

ರೈಲಿನಲ್ಲಿ ಬರಿದಾದ ಸೀಟು ಕಂಡರೆ ನಮ್ಮ ಜನ "ಇದು ಖಾಲಿ ಇದೆಯಾ" ಎಂದು ಕೇಳುವುದು ಕಡಿಮೆ. "ಇಲ್ಲಿ ಯಾರಾದರೂ ಬರ್ತಾರಾ?" ಎಂದು ಕೇಳುತ್ತಾರೆ. ಅದಕ್ಕೆ ಎರಡೇ ಉತ್ತರ. "ಬರ್ತಾರೆ" ಅಂದರೆ ಕೇಳಿದವರು ಮುಂದೆ ಸಾಗುತ್ತಾರೆ. "ಯಾರೂ ಬರಲ್ಲ" ಅಂದರೆ ಚೀಲ ಮೇಲಿಟ್ಟು ಕೂರುತ್ತಾರೆ. ಏಳು ವರ್ಷ ನಾನು ಮೊದಲನೆಯ ಉತ್ತರವನ್ನೇ ಕೊಡುತ್ತ ಬಂದೆ. ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ಅನ್ನಿಸಿರಲಿಲ್ಲ. ಕಾನೂನಿನ ಪ್ರಕಾರ ಅದು ನಿಜವೇ ಆಗಿತ್ತು.

ಆ ಗುರುವಾರ ಹಾಗೆ ಕೇಳಿದವಳಿಗೆ ಮೂವತ್ತೈದರ ಆಸುಪಾಸು ವಯಸ್ಸು. ಎಡ ಮೊಣಕೈಯ ಒಳಮಗ್ಗುಲಲ್ಲಿ ಬಿಳಿ ಪಟ್ಟಿ ಸುತ್ತಿತ್ತು. ಹೆಗಲ ಚೀಲದ ಬಾಯಿಂದ ದರ್ಜಿಯವರ ಅಳತೆ ಟೇಪು ಇಣುಕುತ್ತಿತ್ತು. ಮುಖ ಬಿಳಿಚಿಕೊಂಡಿತ್ತು. ವೇದಾವತಿ ಪ್ಯಾಸೆಂಜರು ಮಧ್ಯಾಹ್ನ ಎರಡು ನಲವತ್ತಕ್ಕೆ ಮಾವಿನಕಟ್ಟೆ ಜಂಕ್ಷನ್ ಬಿಟ್ಟು ಹತ್ತು ನಿಮಿಷವಾಗಿತ್ತು. ಬೋಗಿಯಲ್ಲಿ ಜನ ಕಂಬಿ ಹಿಡಿದು ನಿಂತಿದ್ದರು. ನನ್ನ ಎದುರಿನ ಕಿಟಕಿ ಸೀಟು, ಮೂವತ್ತೊಂದನೇ ನಂಬರಿನದು, ಖಾಲಿ ಇತ್ತು.

"ಅಕ್ಕಾ, ಇಲ್ಲಿ ಯಾರಾದ್ರೂ ಬರ್ತಾರಾ?"

"ಬರ್ತಾರೆ," ಎಂದೆ.

ಜಾಗ ಯಾರದೋ ಆಗಿದೆ ಎಂದು ತಿಳಿಸುವ ಸೀಟಿನ ಅಂಚಿನ ಹಸಿರು ದೀಪವನ್ನು ಅವಳು ನೋಡಿದಳು. ಮೆತ್ತೆಯ ನಡುವೆ ತಗ್ಗಿತ್ತು, ಯಾರೋ ಈಗಷ್ಟೇ ಎದ್ದುಹೋದ ಹಾಗೆ. ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಬೆಚ್ಚಗಿತ್ತು. "ಟಾಯ್ಲೆಟ್ಟಿಗೆ ಹೋಗಿರ್ಬೇಕು," ಎಂದು ತನಗೆ ತಾನೇ ಹೇಳಿಕೊಂಡು ಕಂಬಿ ಹಿಡಿದು ನಿಂತಳು. ಎರಡು ಗಂಟೆ ನಿಂತೇ ಇದ್ದಳು. ನಾನು ಕಿಟಕಿಯಾಚೆ ದುರ್ಗದ ಕಡೆಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತ ಕೂತೆ. ನಾಚಿಕೆಯಾಗಲಿಲ್ಲವಾ ಅಂದರೆ, ಆಯಿತು. ಆದರೂ ಬಾಯಿ ಬಿಡಲಿಲ್ಲ.

ಮೊದಲು ಈ ಟವಲಿನ ವಿಷಯ ಹೇಳಿಬಿಡುತ್ತೇನೆ.

ನಮ್ಮ ಹಿರಿಯರ ಕಾಲದಲ್ಲಿ ಹತ್ತುವ ಮೊದಲೇ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿಯುತ್ತಿದ್ದರು. ಅದು ಯಾರದೆಂದು ಗೊತ್ತಿಲ್ಲದಿದ್ದರೂ ಆ ಟವಲಿಗೆ ಎಲ್ಲರೂ ಮರ್ಯಾದೆ ಕೊಡುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಪ್ರಯಾಣಿಕರ ಹಕ್ಕು ಕಾಯ್ದೆ ಬಂದಾಗ ಪ್ರತಿ ಸೀಟಿನಡಿ ಅಂಗೈಯಗಲದ ಒಂದು ಯಂತ್ರ ಕೂರಿಸಿದರು. ಸರಕಾರ ಇಟ್ಟ ಹೆಸರು 'ಸಾಕ್ಷಿ'. ಜನ ಇಟ್ಟ ಹೆಸರು 'ಟವಲು'. ಉಳಿದದ್ದು ಎರಡನೆಯದೇ.

ಕಾಯ್ದೆ ಒಳ್ಳೆಯದು. ಇಷ್ಟೆಲ್ಲ ಆದಮೇಲೂ ಹಾಗೇ ಹೇಳುತ್ತೇನೆ. ಅದಕ್ಕೆ ಮುಂಚೆ ಟಿಕೆಟ್ಟಿದ್ದೂ ನಿಂತು ಬಂದವರು ಎಷ್ಟೋ ಜನ. ನೀರು ಹಿಡಿಯಲು ಇಳಿದು ಪ್ಲಾಟ್‌ಫಾರ್ಮಿನಲ್ಲೇ ಉಳಿದ ಮುದುಕರಿದ್ದರು. "ನೀವೇ ಬಿಟ್ಟುಕೊಟ್ಟಿರಲ್ಲ" ಎಂದು ದಬಾಯಿಸಿದಾಗ ಹೆದರಿ ಹೂಂ ಅಂದವರಿದ್ದರು. ಗ್ರಾಹಕ ಆಯೋಗಕ್ಕೆ ಹೋದರೆ ಸಾಕ್ಷಿ ಎಲ್ಲಿ ಅನ್ನುತ್ತಿದ್ದರು. ಈಗ ಸೀಟೇ ಸಾಕ್ಷಿ. ಕೂತವರ ತೂಕ, ಮೈಬಿಸಿ, ಉಸಿರು, ನಾಡಿ, ದನಿ ಎಲ್ಲವನ್ನೂ ಅದು ಬಲ್ಲದು. ಫ್ಯಾನು ತಿರುಗದಿದ್ದರೆ ನೀವು ಗೊಣಗುವ ಮೊದಲೇ ಅದು ದೂರು ಬರೆದಿರುತ್ತದೆ. ನೀವು ಎದ್ದುಹೋದರೆ ಮೆತ್ತೆಯನ್ನು ನಿಮ್ಮ ಮೈಯ ಅಚ್ಚಿನಲ್ಲೇ, ನಿಮ್ಮ ಬಿಸಿಯಲ್ಲೇ ಹಿಡಿದಿಟ್ಟುಕೊಂಡು ಕಾಯುತ್ತದೆ. ಬೇರೆ ಯಾರಾದರೂ ಕೂತರೆ ಬೋಗಿಯೆಲ್ಲ ಕೇಳುವಂತೆ ಕೂಗುತ್ತದೆ. ನಿಮ್ಮ ಗುರುತು ಮರೆಯಬಾರದೆಂದು ನಿಮ್ಮ ಎದೆಬಡಿತವನ್ನು ಒಳಗೊಳಗೇ ಬಡಿಯುತ್ತಲೂ ಇರುತ್ತದೆ. ಅಂಗೈ ಇಟ್ಟರೆ ತಿಳಿಯುತ್ತದೆ.

ಕಾಯ್ದೆಯ ಜೀವ ಇರುವುದು ಒಂಬತ್ತನೇ ಕಲಮಿನಲ್ಲಿ. ಪ್ರಯಾಣಿಕ ತನ್ನ ಬಾಯಿಂದಲೇ ಮುಗಿಯಿತು ಅನ್ನುವವರೆಗೆ, ಇಲ್ಲವೇ ಇನ್ನೊಂದು ಪ್ರಯಾಣ ಶುರು ಮಾಡುವವರೆಗೆ, ಅವನ ಜಾಗ ಅವನದೇ. ಅದನ್ನು ಬಿಡಿಸುವ ಅಧಿಕಾರ ಯಾವ ಅಧಿಕಾರಿಗೂ ಇಲ್ಲ. ಕೊಟ್ಟರೆ ಹಳೆಯ ಚಾಳಿ ಮತ್ತೆ ಶುರುವಾಗುತ್ತದೆಂಬ ಭಯ. ಪ್ರಯಾಣಿಕ ತೀರಿಕೊಂಡಿದ್ದರೆ ಅವನ ಹತ್ತಿರದವರು ಆ ಸೀಟಿನ ಮುಂದೆ ಬಂದು ಮುಗಿಸುವ ಮಾತು ಹೇಳಬಹುದು. ಅದು ಮನಸಾರೆ ಬಂದ ಮಾತೋ, ಯಾರೋ ಒತ್ತಾಯಿಸಿ ಹೇಳಿಸಿದ್ದೋ ಎಂದು ಟವಲು ಉಸಿರು, ನಾಡಿ ನೋಡಿ ತೀರ್ಮಾನಿಸುತ್ತದೆ.

ಆ ಮುಗಿಸುವ ಮಾತು ಯಾವುದೆಂದು ಯಂತ್ರಕ್ಕೆ ಕಲಿಸಬೇಕಾಗಿದ್ದವಳು ನಾನು. ಹೆಸರು ಇಂಚರ. ಮಾವಿನಕಟ್ಟೆಯ ನಿಯಂತ್ರಣ ಕೊಠಡಿಯಲ್ಲಿ ಭಾಷಾ ಅಧಿಕಾರಿ. ಸೀಟಿನಿಂದ ಬರುವ ಪ್ರಕಟಣೆಗಳ ದನಿಯೂ ನನ್ನದೇ. ಹನ್ನೊಂದು ವರ್ಷದ ಹಿಂದೆ ನನ್ನ ಮುಂದೆ ಎರಡು ಕಾಲಂಗಳ ಒಂದು ಪಟ್ಟಿ ಇಟ್ಟರು. ಒಂದು ಕಾಲಂ 'ಮತ್ತೆ ಬರುವ ಮಾತು', ಇನ್ನೊಂದು 'ಮುಗಿಸುವ ಮಾತು'. ಮೊದಲನೆಯದು ಐದು ನಿಮಿಷದಲ್ಲಿ ತುಂಬಿತು. ಬಂದೆ, ಈಗ್ಬಂದೆ, ಒಂದ್ನಿಮಿಷ, ಬರ್ತೀನಿ, ಹೋಗಿಬರ್ತೀನಿ. ಎರಡನೆಯದರಲ್ಲಿ 'ಹೋಗ್ತೀನಿ' ಎಂದು ಬರೆದೆ. ಬರೆದು ಹೊಡೆದುಹಾಕಿದೆ.

ನಮ್ಮಲ್ಲಿ ಹೊರಡುವಾಗ ಯಾರು ಹಾಗನ್ನುತ್ತಾರೆ? ಮಗು ಬಾಯಿತಪ್ಪಿ 'ಹೋಗ್ತೀನಿ' ಅಂದರೆ ಹೊಸ್ತಿಲಲ್ಲೇ ನಿಲ್ಲಿಸಿ 'ಬರ್ತೀನಿ ಅನ್ನು' ಎಂದು ತಿದ್ದಿಸಿ ಕಳಿಸುವ ಜನ ನಾವು. ಆಗ ನನ್ನ ಗಂಡ ಸುಹಾಸ ದಿನಾ ಇದೇ ಮಾರ್ಗದಲ್ಲಿ ಓಡಾಡುತ್ತಿದ್ದ. ಆ ಅಪಶಕುನದ ಮಾತು ರೈಲಿನ ಕಡತದಲ್ಲಿ, ಅದೂ ನನ್ನ ಕೈಬರಹದಲ್ಲಿ, ಇರುವುದು ನನಗೆ ಬೇಡವಾಯಿತು. ಎಂ.ಎ. ಓದಿದವಳ ಬುದ್ಧಿ ಇಷ್ಟೇ. ಕಾಲಂ ಖಾಲಿ ಬಿಟ್ಟು, 'ನಮ್ಮ ಭಾಷೆಯಲ್ಲಿ ಇದಕ್ಕೆ ಮಾತಿಲ್ಲ, ಜನ ಬಳಸಿದಂತೆ ಯಂತ್ರವೇ ಕಲಿಯಲಿ' ಎಂದು ಷರಾ ಬರೆದು ಸಹಿ ಹಾಕಿದೆ.

ಜನ ಬಳಸಿದರಲ್ಲವೇ ಅದು ಕಲಿಯುವುದು? ಇಳಿಯುವವರೆಲ್ಲ ಪಕ್ಕದವರಿಗೆ 'ಬರ್ತೀನಿ' ಎಂದೇ ಹೇಳಿ ಇಳಿದರು. ಬದುಕಿದ್ದವರು ಮುಂದಿನ ಸಲ ರೈಲು ಹತ್ತಿದಾಗ ಹಳೆಯ ಸೀಟು ತಾನೇ ಬಿಡುಗಡೆಯಾಗುತ್ತಿತ್ತು. ಮತ್ತೆಂದೂ ಹತ್ತದವರ ಸೀಟು ಕಾಯುತ್ತ ಉಳಿಯಿತು. ಹತ್ತಿರದವರು ಬಂದು ಅತ್ತರು, ಹೂವಿಟ್ಟರು, ಏನೇನೋ ಹೇಳಿದರು. ಯಂತ್ರಕ್ಕೆ ಯಾವುದೂ ಅರ್ಥವಾಗಲಿಲ್ಲ. ನಮ್ಮ ಮಾರ್ಗಕ್ಕೆ ಗುರುವಾರ ಮಾತ್ರ ಬರುವ ಈ ಹಳೆಯ ಬಂಡಿಯೊಂದರಲ್ಲೇ ಇಂಥ ನಲವತ್ತೊಂದು ಸೀಟುಗಳಾದವು. ಅವುಗಳ ಎದುರು ಕೂತು ಹೋಗಲೆಂದೇ ಟಿಕೆಟ್ಟು ತೆಗೆಯುವವರೂ ಹುಟ್ಟಿಕೊಂಡರು. ಅವರಿಗೆ 'ಎದುರು ಸೀಟಿನವರು' ಎಂಬ ಹೆಸರೂ ಬಿತ್ತು. ಎರಡನೇ ಬೋಗಿಯಲ್ಲಿ ಒಬ್ಬ ಮೇಷ್ಟ್ರು ಎದುರಿನ ಮೆತ್ತೆಗೆ ಅಂದಿನ ಪತ್ರಿಕೆ ಓದಿ ಹೇಳುತ್ತ ಹೋಗುತ್ತಿದ್ದರು. ಯಾರೂ ನಗುತ್ತಿರಲಿಲ್ಲ.

ನಾನೂ ಎದುರು ಸೀಟಿನವಳೇ.

ಸುಹಾಸ ಜಮೀನು ಅಳೆಯುವ ಸರ್ವೆಯವನು. ಏಳು ವರ್ಷದ ಹಿಂದೆ ಒಂದು ಗುರುವಾರ ನಾವಿಬ್ಬರೂ ಇದೇ ರೈಲಿನಲ್ಲಿ ಮನೆಗೆ ಮರಳುತ್ತಿದ್ದೆವು. ಕರೇಕಲ್ಲಿನಲ್ಲಿ ಏನೋ ಅಳತೆ ನೋಡಿ ಬರುತ್ತೇನೆಂದು ಅವನು ಇಳಿದ. ಇಳಿಯುವಾಗ, "ಬರ್ತೀನಿ ಕಣೇ, ಅಮ್ಮಂಗೆ ಹೇಳು," ಎಂದ. ನಾನು "ಹೋಗ್ಬಾ" ಅಂದೆ. ಅಂದೇ ಸಂಜೆ ಐದರೊಳಗೆ ಅಲ್ಲಿನ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಅವನ ಎದೆ ನಿಂತುಹೋಯಿತು. ಮೂವತ್ತೊಂದನೇ ಸೀಟಿನೊಳಗೆ ನಿಲ್ಲಲಿಲ್ಲ. ನಿಮಿಷಕ್ಕೆ ಎಪ್ಪತ್ತನಾಲ್ಕು.

ತಪ್ಪು ತಿದ್ದಲು ನನಗೆ ಒಂದು ಪದ ಸಾಕಾಗಿತ್ತು. ಹುದ್ದೆ ನನ್ನದು, ಪಟ್ಟಿ ನನ್ನದು. ಏಳು ವರ್ಷ ನಾನು ಆ ಕಡತವನ್ನು ತೆರೆಯಲಿಲ್ಲ.

ಆ ಗುರುವಾರಕ್ಕೆ ಮರಳುತ್ತೇನೆ. ಕರೇಕಲ್ಲಿನಲ್ಲಿ ರೈಲು ಎರಡು ನಿಮಿಷ ನಿಲ್ಲಬೇಕು, ಗುರುವಾರ, ಕಾಯುವ ಸೀಟಿಗಾಗಿ, ಐದು ನಿಮಿಷ ನಿಲ್ಲುತ್ತದೆ. ಬಾಗಿಲು ತೆರೆದುಕೊಂಡಿತು. ಖಾಲಿ ಸೀಟಿನಿಂದ ಹನ್ನೊಂದು ವರ್ಷ ಹಳೆಯ ನನ್ನದೇ ದನಿ ಮೆಲ್ಲಗೆ ಹೇಳಿತು: "ಕರೇಕಲ್ಲು ಬಂದಿದೆ. ಸುಹಾಸ ಅವರೇ, ಬರ್ತೀನಿ ಅಂದಿದ್ದಿರಿ. ನಿಮ್ಮ ಜಾಗ ಕಾದಿದೆ."

ಬೋಗಿಯಲ್ಲಿ ಮಾತು ನಿಂತಿತು. ದಾರಿಯಲ್ಲಿ ಕಾಲು ಚಾಚಿದ್ದವರು ಒಳಗೆಳೆದುಕೊಂಡರು. ಒಬ್ಬರು ನಡುವೆ ಇಟ್ಟಿದ್ದ ಅಕ್ಕಿ ಚೀಲವನ್ನು ಪಕ್ಕಕ್ಕೆ ಸರಿಸಿದರು. ಬಾಗಿಲಾಚೆ ಬಿಸಿಲು ಬಿದ್ದ ಪ್ಲಾಟ್‌ಫಾರ್ಮು ಬಿಕೋ ಎನ್ನುತ್ತಿತ್ತು. ಯಾರೂ ಹತ್ತಲಿಲ್ಲ. ಬಾಗಿಲು ಮುಚ್ಚಿತು. ಆಮೇಲೆ ಎದುರಿನ ಮೆತ್ತೆ ಇನ್ನೊಂದು ಬೆರಳಿನಷ್ಟು ತಗ್ಗಿತು, ಯಾರೋ ಬಂದು ಕೂತ ಹಾಗೆ.

ಅಚ್ಚು ಸಡಿಲವಾಗದಂತೆ ಮೆತ್ತೆ ಹದ ಮಾಡಿಕೊಳ್ಳುವುದು ಹಾಗೆ. ವಿನ್ಯಾಸದ ಕಡತ ನಾನು ಓದಿದ್ದೇನೆ. ಆದರೂ ಪ್ರತಿ ಗುರುವಾರದಂತೆ ಅಂದೂ ಕಾಲು ಹಿಂದಕ್ಕೆ ಎಳೆದುಕೊಂಡೆ, ಅವನ ಮಂಡಿಗೆ ತಾಗದ ಹಾಗೆ.

ಕಾಫಿ ಗಾಡಿ ತಾನಾಗಿಯೇ ಉರುಳಿಕೊಂಡು ಬಂದು ಖಾಲಿ ಸೀಟಿನ ಮುಂದೆ ಸಕ್ಕರೆ ಕಮ್ಮಿ ಕಾಫಿ ಇಟ್ಟು ಹೋಯಿತು. ಕಂಬಿ ಹಿಡಿದು ನಿಂತಿದ್ದವಳು ಕಾಫಿಯನ್ನೂ ನನ್ನನ್ನೂ ನೋಡಿದಳು. ತನ್ನ ಊರು ಬಂದಾಗ ಸಾಲು ಸೀಟುಗಳ ಬೆನ್ನು ಹಿಡಿದುಕೊಂಡು ಮೆಲ್ಲಗೆ ಇಳಿದುಹೋದಳು.

ಸೋಮವಾರ ನಿಯಂತ್ರಣ ಕೊಠಡಿಗೆ ಹೋದಾಗ ಎಂಜಿನಿಯರ್ ಫೈಜಾನ್ ನನಗಾಗಿ ಕಾಯುತ್ತಿದ್ದ. ಎದುರಿನ ಗೋಡೆಯಗಲದ ಪರದೆಯಲ್ಲಿ ನಮ್ಮ ವಿಭಾಗದ ರೈಲುಗಳೆಲ್ಲ ಓಡುತ್ತಿದ್ದವು. ಪ್ರತಿ ಸೀಟಿಗೂ ಒಂದು ಹಸಿರು ಚುಕ್ಕೆ. ಜೀವಂತ ಪ್ರಯಾಣಿಕರ ಚುಕ್ಕೆ ಅವರು ಮೈ ಅಲುಗಿಸಿದಾಗಲೆಲ್ಲ ಮಿನುಗುತ್ತದೆ. ಕಾಯುವ ಸೀಟಿನ ಚುಕ್ಕೆ ಮಿನುಗುವುದಿಲ್ಲ. ಕಣ್ಣು ಪಿಳುಕಿಸದೆ ನೋಡುವವರ ಹಾಗೆ ಇರುತ್ತದೆ.

"ಮೇಡಂ, ಶುಕ್ರವಾರ ಒಂದು ದೂರು ಬಂದಿದೆ. ನೀವೇ ಓದಿಬಿಡಿ," ಎಂದ.

ಓದಿದೆ. "ನನ್ನ ಹೆಸರು ಶಿವಲೀಲಾ. ಹೊಲಿಗೆ ಕೆಲಸ. ವಾರಕ್ಕೆ ಎರಡು ಸಲ ಮಾವಿನಕಟ್ಟೆಗೆ ಡಯಾಲಿಸಿಸ್‌ಗೆ ಹೋಗುತ್ತೇನೆ. ಟಿಕೆಟ್ಟು ಇದ್ದೂ ಆರು ಗುರುವಾರದಿಂದ ನಿಂತು ಬರುತ್ತಿದ್ದೇನೆ. ರಕ್ತ ತೊಳೆಸಿಕೊಂಡ ದಿನ ನನ್ನ ಕಾಲು ಹಸಿ ಬಟ್ಟೆ ಥರ ಆಗಿರುತ್ತದೆ. ನಿನ್ನೆ ಮೂವತ್ತೊಂದನೇ ಸೀಟಿನ ಎದುರು ಕೂತಿದ್ದ ಹೆಂಗಸು ಬರ್ತಾರೆ ಅಂದರು. ಯಾರೂ ಬರಲಿಲ್ಲ. ಅವರಿಗೆ ಅದು ಮೊದಲೇ ಗೊತ್ತಿತ್ತು ಅಂತ ಆಮೇಲೆ ತಿಳಿಯಿತು. ಸತ್ತವರ ಹಕ್ಕಿನ ಬಗ್ಗೆ ನನ್ನ ತಕರಾರಿಲ್ಲ. ಅವರು ಸ್ವಲ್ಪ ಹೊತ್ತು ನಿಂತುಕೊಳ್ಳಬಹುದಲ್ಲವೇ ಎಂದು ಕೇಳುತ್ತಿದ್ದೇನೆ."

ಕೊನೆಯ ಸಾಲನ್ನು ಎರಡು ಸಲ ಓದಿದ ನೆನಪು. ಕೆಳಗೆ ಆಯೋಗದ ಆದೇಶವಿತ್ತು. ಈ ಗುರುವಾರದೊಳಗೆ ದಾರಿ ಹುಡುಕದಿದ್ದರೆ ಒಂಬತ್ತನೇ ಕಲಮನ್ನೇ ತಡೆಹಿಡಿಯುವುದಾಗಿ ಬರೆದಿತ್ತು. ಅಂದರೆ ನೀರು ಹಿಡಿಯಲು ಇಳಿದ ಮುದುಕ ಮತ್ತೆ ಪ್ಲಾಟ್‌ಫಾರ್ಮಿನಲ್ಲೇ ಉಳಿಯಬೇಕು.

"ಎರಡು ದಿನದಿಂದ ಪಟ್ಟಿಗೆ 'ಹೋಗ್ತೀನಿ', 'ಹೋಗಿ' ಎರಡೂ ಸೇರಿಸಿ ನೋಡಿದ್ವಿ ಮೇಡಂ," ಎಂದ ಫೈಜಾನ್. "ಬರೀ ಪದ ಕೊಟ್ರೆ ಅದಕ್ಕೆ ಸಾಲಲ್ಲ. ಯಾರಾದ್ರೂ ನಿಜವಾಗಿ ಹೇಳಿದ್ದು ಬೇಕು. ನಾಟಕದವರನ್ನ ಕರೆಸಿ ಇನ್ನೂರು ಸಲ ಹೇಳಿಸಿದ್ವಿ. ನಾಡಿ ನೋಡಿ ಸುಳ್ಳು ಅನ್ನುತ್ತೆ. ಒಂದೇ ಒಂದು ನಿಜವಾದ್ದು ಸಿಕ್ರೆ ಸಾಕು, ಹನ್ನೊಂದು ವರ್ಷದ ದನಿಯೆಲ್ಲ ತಿರುಗಿ ಓದಿಕೊಳ್ಳುತ್ತೆ. ಎಷ್ಟೋ ಜನ ಆಗ್ಲೇ ಮುಗಿಸಿರ್ತಾರೆ. ಇದಕ್ಕೆ ತಿಳಿದಿಲ್ಲ ಅಷ್ಟೆ."

"ಯಾರ ಹತ್ತಿರ ಹೇಳಿಸ್ತೀರಿ?"

ಅವನು ನೆಲ ನೋಡಿದ. "ಮೂವತ್ತೊಂದಕ್ಕೆ ಹತ್ತಿರದವರು ಅಂತ ನಿಮ್ಮ ಹೆಸರಿದೆ."

ಅವನಿಗೆ ಮೊದಲಿಂದಲೂ ಗೊತ್ತಿತ್ತು. ಕೊಠಡಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗುರುವಾರ ಬಂತೆಂದರೆ ನನ್ನ ಪಾಳಿ ಎರಡು ಗಂಟೆಗೆ ಸರಿಯಾಗಿ ಮುಗಿಯುವಂತೆ ಅವರೇ ನೋಡಿಕೊಳ್ಳುತ್ತಿದ್ದರೆಂದು ನನಗೆ ಹೊಳೆದದ್ದು ಆಗ.

ಮನೆಯಲ್ಲಿ ಅತ್ತೆ ಕಿಟಕಿ ಪಕ್ಕ ಕೂತು ಮೊಬೈಲಿನಲ್ಲಿ ಪದಬಂಧ ತುಂಬುತ್ತಿದ್ದರು. ಹೆಸರು ಸವಿತಾ, ವಯಸ್ಸು ಎಪ್ಪತ್ತೆಂಟು, ದಿನಕ್ಕೆ ಮೂರು ಪದಬಂಧ. ಪ್ರತಿ ಗುರುವಾರ ನಾನು ಚಪ್ಪಲಿ ಬಿಡುವಷ್ಟರಲ್ಲಿ ತಲೆಯೆತ್ತದೆ ಕೇಳುತ್ತಿದ್ದರು, "ಬಂದಿದ್ನಾ?" ನಾನು "ಇದ್ದ ಅತ್ತೆ" ಅನ್ನುತ್ತಿದ್ದೆ. "ಕಾಫಿ?" "ಬಂತು. ಸಕ್ಕರೆ ಕಮ್ಮಿ." ಅಷ್ಟಾದ ಮೇಲೆ ನಮ್ಮ ಮನೆಯಲ್ಲಿ ಊಟಕ್ಕೆ ತಟ್ಟೆ ಹಾಕುತ್ತಿದ್ದೆವು. ಹೊರಗಿನವರು ಕೇಳಿಸಿಕೊಂಡಿದ್ದರೆ ಇಬ್ಬರಿಗೂ ತಲೆ ಕೆಟ್ಟಿದೆ ಅನ್ನುತ್ತಿದ್ದರು.

ಅವತ್ತು ಸೋಮವಾರ. ಶಿವಲೀಲಾಳ ದೂರನ್ನು ಅವರಿಗೆ ಓದಿ ಹೇಳಿದೆ. ಅವರು ಮೊಬೈಲು ಕೆಳಗಿಟ್ಟರು.

"ಎಷ್ಟು ಹೊತ್ತು ನಿಂತಿದ್ಲು?"

"ಎರಡು ಗಂಟೆ."

"ನಿನ್ನ ಎದುರಿಗೇನಾ?"

"ಹೂಂ."

ಅತ್ತೆ ನನ್ನ ಕಡೆ ತಿರುಗಿ ಕೂತರು. "ಕಾಲೇಜು ಪರೀಕ್ಷೆ ದಿನ ಅವನು ಬಸ್ಸಲ್ಲಿ ಯಾವಳೋ ಬಸುರಿಗೆ ಸೀಟು ಕೊಟ್ಟು ಮೂರು ಗಂಟೆ ನಿಂತು ಹೋಗಿದ್ದ. ಪಾದ ಊದಿಕೊಂಡಿತ್ತು. ನಾನೇ ಬಿಸಿನೀರು ಹಾಕಿದ್ದು. ನಿಂತಿರೋ ಹೆಂಗಸಿನ ಮುಂದೆ ಕೂತವನಲ್ಲ ಕಣೇ ಅವನು. ಅಂಥವನನ್ನ ಏಳು ವರ್ಷದಿಂದ ಕೂರಿಸಿದೀಯ."

ನನಗೆ ಸಿಟ್ಟು ಬಂತು. "ನೀವೂ ಕೇಳ್ತಿದ್ರಲ್ಲ ಅತ್ತೆ, ಬಂದಿದ್ನಾ ಅಂತ."

"ನಿನಗೋಸ್ಕರ ಕೇಳ್ತಿದ್ದೆ," ಎಂದರು.

ನಾನು ಅವರಿಗೋಸ್ಕರ ಉತ್ತರ ಹೇಳುತ್ತಿದ್ದೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಅವರು ಮತ್ತೆ ಮೊಬೈಲು ಎತ್ತಿಕೊಂಡರು, ಆದರೆ ಒಂದು ಅಕ್ಷರವನ್ನೂ ತುಂಬಲಿಲ್ಲ.

ಗುರುವಾರ ಎರಡು ನಲವತ್ತು. ಡಿ-೩ ಬೋಗಿ, ನನ್ನ ಮಾಮೂಲು ಸೀಟು. ಫೈಜಾನ್ ನಿಯಂತ್ರಣ ಕೊಠಡಿಯಿಂದ ಕಿವಿಯೊಳಗಿನ ಇಯರ್‌ಫೋನಿನಲ್ಲಿ ಮಾತಾಡುತ್ತಿದ್ದ. ಶಿವಲೀಲಾ ಹತ್ತಿದಳು. ನನ್ನನ್ನು ಕಂಡು ಮುಖ ತಿರುಗಿಸಿದಳು, ಆದರೆ ಬೇರೆಲ್ಲೂ ಜಾಗವಿಲ್ಲದೆ ಅದೇ ಕಂಬಿ ಹಿಡಿದು ನಿಂತಳು. ನನ್ನ ಸೀಟು ಅವಳಿಗೆ ಕೊಟ್ಟು ನಾನು ನಿಲ್ಲಬಹುದಿತ್ತಲ್ಲ ಅಂತ ನೀವು ಕೇಳಬಹುದು. ಕೊಡಲು ಎದ್ದೆ. ಅವಳು, "ಬೇಡ ಅಕ್ಕಾ, ನಿಮ್ಮ ಸೀಟು ನಂಗೆ ಬೇಡ. ನಂಗೆ ಖಾಲಿ ಇರೋದು ಬೇಕು," ಎಂದಳು. ಹಠ ಅಂದರೆ ಹಠ. ಆದರೆ ನ್ಯಾಯವಾದದ್ದು.

ನಾನು ಮುಂದಕ್ಕೆ ಬಾಗಿ ಮೂವತ್ತೊಂದರ ಮೆತ್ತೆಯ ಮೇಲೆ ಅಂಗೈ ಇಟ್ಟೆ. ಎಪ್ಪತ್ತನಾಲ್ಕು. ಹತ್ತಿರದವಳೆಂದು ಹೆಸರು ಹೇಳಿದೆ. ನಿಯಮದ ಪ್ರಕಾರ ಟವಲು ಮೊದಲು ಪ್ರಯಾಣಿಕನ ಕೊನೆಯ ಮಾತನ್ನು ಕೇಳಿಸಬೇಕು. ಕೇಳಿಸಿತು.

"ಬರ್ತೀನಿ ಕಣೇ, ಅಮ್ಮಂಗೆ ಹೇಳು."

ಅದೇ ದನಿ. ಸ್ವಲ್ಪ ನೆಗಡಿ ಇತ್ತು ಅವತ್ತು. ಅದನ್ನು ನಾನು ಮರೆತೇಬಿಟ್ಟಿದ್ದೆ. ನನ್ನ ಬಾಯಿ ನನ್ನನ್ನು ಕೇಳದೆ ಉತ್ತರ ಕೊಟ್ಟಿತು. "ಹೋಗ್ಬಾ."

"ದಾಖಲಾಗಿದೆ," ಎಂದಿತು ಸೀಟು, ನನ್ನದೇ ದನಿಯಲ್ಲಿ. "ನಿಮ್ಮ ಜಾಗ ಕಾದಿರುತ್ತದೆ." ಅಂಗೈ ಕೆಳಗೆ ಮೆತ್ತೆ ಇನ್ನಷ್ಟು ಬಿಸಿಯಾಯಿತು.

"ಮೇಡಂ," ಎಂದ ಫೈಜಾನ್ ಕಿವಿಯಲ್ಲಿ. "ಬರೀ ಹೋಗು ಅನ್ನಿ."

ಹುಟ್ಟಿದಾಗಿನಿಂದ ಯಾರಾದರೂ 'ಬರ್ತೀನಿ' ಅಂದರೆ 'ಹೋಗ್ಬಾ' ಅಂದವಳು ನಾನು. ಮತ್ತೆ ಕೇಳಿಸಲು ಹೇಳಿದೆ. ಬರ್ತೀನಿ ಕಣೇ. ತುಟಿ ಕಚ್ಚಿ, "ಹೋಗು" ಎಂದೆ.

"ಒತ್ತಾಯದ ಮಾತು. ದಾಖಲಾಗಿಲ್ಲ."

ಮೂರನೇ ಸಲ ಅಳುತ್ತ ಹೇಳಿದೆ. ನಾಲ್ಕನೇ ಸಲ ಸಿಟ್ಟಿನಲ್ಲಿ, ಹಾಳಾಗಿ ಹೋಗು ಅನ್ನುವ ಹಾಗೆ. ದಾಖಲಾಗಿಲ್ಲ, ದಾಖಲಾಗಿಲ್ಲ. ಒಂದೇ ವಾಕ್ಯವನ್ನು ಸತ್ತವನು ಮತ್ತೆ ಮತ್ತೆ ಹೇಳುತ್ತಿದ್ದ, ಬದುಕಿದ್ದವಳು ಮತ್ತೆ ಮತ್ತೆ ತಪ್ಪು ಉತ್ತರ ಕೊಡುತ್ತಿದ್ದಳು. ನಡುವೆ ಎಲ್ಲೋ ಇನ್ನೊಂದು ಕಾಯುವ ಸೀಟು ತನ್ನ ಪ್ರಯಾಣಿಕನ ಹೆಸರು ಕರೆದು ಸುಮ್ಮನಾಯಿತು.

ಕರೇಕಲ್ಲು ಬಂತು. ಬಾಗಿಲು ತೆರೆಯಿತು. ಸುಹಾಸ ಅವರೇ, ಬರ್ತೀನಿ ಅಂದಿದ್ದಿರಿ. ಜನ ಕಾಲು ಎಳೆದುಕೊಂಡರು. ನಾನೂ ಎಳೆದುಕೊಂಡೆ. ತಂತಿಬೇಲಿಯ ಆಚೆ ಬಸ್‌ಸ್ಟ್ಯಾಂಡು ಕಾಣುತ್ತಿತ್ತು. ಆ ಬೆಂಚು ಖಾಲಿ ಇತ್ತು. ಒಂದು ನಾಯಿ ಅದರ ನೆರಳಿನಲ್ಲಿ ಮಲಗಿತ್ತು. ಏಳು ವರ್ಷದಲ್ಲಿ ಪ್ರತಿ ಗುರುವಾರ ಈ ಐದು ನಿಮಿಷ ನಾನು ಬಾಗಿಲನ್ನು ನೋಡಿದ್ದೇನೆ, ಬೆಂಚನ್ನು ನೋಡಿರಲಿಲ್ಲ.

ಶಿವಲೀಲಾಳ ಕೈ ಕಂಬಿಯಿಂದ ಜಾರಿತು. ಬೀಳಲಿಲ್ಲ, ಸೀಟಿನ ಬೆನ್ನು ಹಿಡಿದುಕೊಂಡು ತಡೆದುಕೊಂಡಳು. ಹಣೆಯ ಮೇಲೆ ಬೆವರಿತ್ತು. ಇಷ್ಟು ಹೊತ್ತು ನಡೆದದ್ದೆಲ್ಲ ಅವಳು ನೋಡಿದ್ದಳು, ಕೇಳಿದ್ದಳು. ಸೀಟು ಯಾರದು, ನಾನು ಯಾರು, ಎಲ್ಲ ತಿಳಿದಿತ್ತು. ಆದರೂ ರೈಲಿನಲ್ಲಿ ಯಾರಾದರೂ ಯಾರನ್ನಾದರೂ ಕೇಳುವ ಹಾಗೆ, ಮೆತ್ತಗೆ ಕೇಳಿದಳು.

"ಅಕ್ಕಾ, ಇಲ್ಲಿ ಯಾರಾದ್ರೂ ಬರ್ತಾರಾ?"

ಬಾಗಿಲಾಚೆ ನೋಡಿದೆ. ಬಿಸಿಲು, ಬೆಂಚು, ನಾಯಿ.

"ಇಲ್ಲ," ಎಂದೆ. "ಯಾರೂ ಬರಲ್ಲ. ಕೂತ್ಕೊಳ್ಳಮ್ಮ."

ನಾನು ಟವಲಿಗೆ ಹೇಳಿದ್ದಲ್ಲ. ಟವಲಿದೆ ಎನ್ನುವುದೇ ಆ ಕ್ಷಣ ನೆನಪಿರಲಿಲ್ಲ. ಅವಳಿಗೆ ಹೇಳಿದ್ದು. ಆದರೆ ಅಂಗೈ ಇನ್ನೂ ಮೆತ್ತೆಯ ಮೇಲಿತ್ತು. ಅದರ ಕೆಳಗೆ ಎಪ್ಪತ್ತನಾಲ್ಕು ಅರವತ್ತಾಯಿತು. ನಲವತ್ತಾಯಿತು. ಒಂದು ಬಡಿತ, ಆಮೇಲೆ ಬಹಳ ಹೊತ್ತಿನ ಮೇಲೆ ಇನ್ನೊಂದು. ಅವನು ಹೋಗುವಾಗ ನಾನು ಹತ್ತಿರವಿರಲಿಲ್ಲ, ಯಾರೂ ಇರಲಿಲ್ಲ. ಈಗ ಇದ್ದೆ. ಮೂರನೆಯ ಬಡಿತಕ್ಕೆ ಕಾದೆ. ಬರಲಿಲ್ಲ.

ಹಸಿರು ದೀಪ ಆರಿತು. ತಗ್ಗಿದ್ದ ಮೆತ್ತೆ ಮೆಲ್ಲಗೆ ಮೇಲೆದ್ದು ಸಮವಾಯಿತು, ಯಾರೋ ಮಂಡಿಗೆ ಕೈಕೊಟ್ಟು ಎದ್ದ ಹಾಗೆ. ಅದರ ಹಿಂದೆಯೇ ಅದೇ ಬೋಗಿಯ ಆಚೆ ತುದಿಯಲ್ಲಿ ಇನ್ನೊಂದು ಮೆತ್ತೆ ಸುಯ್ ಎಂದಿತು. ಆಮೇಲೆ ಪಕ್ಕದ ಬೋಗಿಯಲ್ಲಿ, ಅದರಾಚೆ. ಸದ್ದು ರೈಲಿನುದ್ದಕ್ಕೂ ದೂರ ದೂರ ಹೋಯಿತು. ಎಷ್ಟೋ ಜನ ಒಟ್ಟಿಗೆ ಎದ್ದು ಸಾಲಾಗಿ ಇಳಿದುಹೋದಂತೆ ಕೇಳಿಸಿತು. ತೆರೆದ ಬಾಗಿಲಿನ ಮೆಟ್ಟಿಲಲ್ಲಿ ಯಾರೂ ಇರಲಿಲ್ಲ. ಆದರೂ ಬಾಗಿಲ ಬಳಿ ನಿಂತಿದ್ದವರು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಮೇಡಂ," ಎಂದ ಫೈಜಾನ್. "ಮೂವತ್ತೆಂಟು ಚುಕ್ಕೆ ಆರಿದವು. ಎಲ್ಲಾ ಹತ್ತಿರದವರು ಯಾವತ್ತೋ ಎದುರು ಕೂತು 'ಯಾರೂ ಬರಲ್ಲ' ಅಂದಿದ್ದ ಸೀಟುಗಳೇ. ಒಬ್ಬರು ನಾಲ್ಕು ವರ್ಷದ ಹಿಂದೆ ಅಂದಿದ್ದಾರೆ, ಇನ್ನೊಬ್ಬರು ಒಂಬತ್ತು. ಅವರ ಮಾತು ಸುಮ್ಮನೆ ಬಿದ್ದಿತ್ತು."

"ಉಳಿದ ಮೂರು?"

"ಹಾಗೇ ಇವೆ. ಮೇಷ್ಟ್ರ ಎದುರಿನದೂ ಇದೆ."

ಇರಲಿ ಎಂದೆ. ಆ ಮಾತು ಅವರವರ ಬಾಯಿಂದಲೇ ಬರಬೇಕು. ಕಾಯ್ದೆ ಇರುವುದೇ ಅದಕ್ಕೆ. ಬಾಗಿಲು ಮುಚ್ಚಿತು. ರೈಲು ಹೊರಟಿತು.

ಶಿವಲೀಲಾ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಸೀಟು ಕೂಗಲಿಲ್ಲ. ಅಕ್ಕಪಕ್ಕ ಅಂಗೈ ಊರಿ, ನನ್ನ ಮುಖ ನೋಡಿ, "ಇನ್ನೂ ಬೆಚ್ಚಗಿದೆ ಅಕ್ಕಾ," ಎಂದಳು.

"ಆರುತ್ತೆ ಬಿಡಿ," ಎಂದೆ.

ಅವಳು ತಲೆಯನ್ನು ಕಿಟಕಿಗೆ ಒರಗಿಸಿ ಕಣ್ಣು ಮುಚ್ಚಿದಳು. ನಿದ್ದೆಯಲ್ಲಿ ಅವಳ ಕಾಲು ಮುಂದಕ್ಕೆ ಜಾರಿ ನನ್ನ ಕಾಲಿಗೆ ತಾಗಿತು. ನಾನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವಳ ಊರು ಬಂದಾಗ ಎಬ್ಬಿಸಿದೆ. ಬಾಗಿಲ ಬಳಿ ತಿರುಗಿ, "ಬರ್ತೀನಿ ಅಕ್ಕಾ, ಸೋಮವಾರ ಮತ್ತೆ ಆಸ್ಪತ್ರೆ," ಎಂದಳು. "ಹೋಗ್ಬನ್ನಿ," ಎಂದೆ. ಅವಳ ಸೀಟಿನ ದೀಪ ಹಸಿರಾಗಿ ಹೊತ್ತಿತು. ಸೋಮವಾರದವರೆಗೆ ತಾನೇ, ಉರಿಯಲಿ ಅಂದುಕೊಂಡೆ.

ಮನೆಗೆ ಬಂದು ಚಪ್ಪಲಿ ಬಿಟ್ಟೆ. ಅತ್ತೆ ಕಿಟಕಿ ಪಕ್ಕದಲ್ಲೇ ಇದ್ದರು. ಮೊಬೈಲು ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು. ಬಂದಿದ್ನಾ ಎಂದು ಅವರು ಕೇಳಲಿಲ್ಲ.

"ಕೂತ್ಕೊಂಡ್ಲಾ?" ಎಂದು ಕೇಳಿದರು.

"ಕೂತ್ಕೊಂಡ್ಲು ಅತ್ತೆ," ಎಂದೆ.